ಹಂಪಿಯ ಕಲ್ಲಿನ ರಥದ ಫೋಟೊ ತೈಲವರ್ಣವಾಗುವ ಬಗೆ: ಗಿಂಪ್, ಜಿ'ಮಿಕ್ ಮತ್ತು ಮೂರು ಅಳತೆಯ ಕುಂಚಗಳು

ಕೆಲಸ ಇಷ್ಟು. ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ರಥದ ಒಂದು ಫೋಟೊ ಇದೆ. 24 ಮೆಗಾಪಿಕ್ಸೆಲ್, 6000×4000. ಅದನ್ನು 18×12 ಇಂಚಿನ ಪ್ರಿಂಟಿಗಾಗಿ ತೈಲವರ್ಣದ ಚಿತ್ರದ ಹಾಗೆ ಮಾಡಬೇಕು. ಬಳಸಿದ್ದು ಫೋಟೊ ತಿದ್ದುವ ತಂತ್ರಾಂಶ ಗಿಂಪ್ 3.0 ಮತ್ತು ಅದಕ್ಕೆ ಬೇರೆಯಾಗಿ ಹಾಕಿಕೊಳ್ಳಬೇಕಾದ, ಫಿಲ್ಟರುಗಳ ಕಂತೆಯಾದ ಜಿ'ಮಿಕ್ ಪ್ಲಗಿನ್. ಜಿ'ಮಿಕ್ ಫ್ರಾನ್ಸಿನ ಕಾನ್ ಊರಿನ ಗ್ರೇಕ್ ಪ್ರಯೋಗಾಲಯದಲ್ಲಿ 2008ರಿಂದ ಬೆಳೆಯುತ್ತಿರುವ ತಂತ್ರಾಂಶ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. 8 ಜಿಬಿ ರ್‍ಯಾಮ್ ಇರುವ ಕಂಪ್ಯೂಟರಿನಲ್ಲಿ ಕೆಲಸ ಸಾಗುತ್ತದೆ. 16 ಇದ್ದರೆ ಕಾಯುವುದು ಕಡಿಮೆ.

ರಥವನ್ನೇ ಹಿಡಿದದ್ದಕ್ಕೆ ಕಾರಣವಿದೆ. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಇರುವುದರಿಂದ ಅದರ ಆಕಾರ ಎಲ್ಲರ ಕಣ್ಣಲ್ಲೂ ಕೂತಿದೆ. ಕೊಂಚ ಕೆಟ್ಟರೂ ಎದ್ದು ಕಾಣುತ್ತದೆ. ಜೊತೆಗೆ ಒಂದೇ ಚೌಕಟ್ಟಿನಲ್ಲಿ ಮೂರು ಥರದ ಮೇಲ್ಮೈ ಸಿಗುತ್ತದೆ: ಏನೂ ಇಲ್ಲದ ಆಕಾಶ, ಒರಟು ಬಂಡೆಗುಡ್ಡ, ಬೆರಳಗಲದ ಕೆತ್ತನೆ. ಒಂದೇ ಫಿಲ್ಟರನ್ನು ಒಂದೇ ಸೆಟ್ಟಿಂಗಿನಲ್ಲಿ ಇಡೀ ಫೋಟೊ ಮೇಲೆ ಓಡಿಸಿದರೆ ಮೂರಕ್ಕೂ ಒಂದೇ ದಪ್ಪದ ಸ್ಟ್ರೋಕ್ ಬೀಳುತ್ತದೆ. 'ಇದು ಫಿಲ್ಟರ್ ಹಾಕಿದ್ದು' ಎಂದು ನೋಡಿದವರು ತಕ್ಷಣ ಗುರುತಿಸುವುದು ಇದರಿಂದಲೇ. ಕುಂಚ ಹಿಡಿದವರು ಮೊದಲು ದಪ್ಪ ಕುಂಚದಲ್ಲಿ ಜಾಗ ತುಂಬಿ, ಆಮೇಲೆ ಬೇಕಾದಲ್ಲಿ ಮಾತ್ರ ಸಣ್ಣ ಕುಂಚ ಎತ್ತಿಕೊಳ್ಳುತ್ತಾರೆ. ಆ್ಯರನ್ ಹರ್ಟ್ಸ್‌ಮನ್ 1998ರಲ್ಲಿ ಕಂಪ್ಯೂಟರಿಗೆ ಕಲಿಸಿದ್ದೂ ಇದನ್ನೇ. ಅವರ ವಿಧಾನದಲ್ಲಿ ದೊಡ್ಡ ಸ್ಟ್ರೋಕ್‌ಗಳನ್ನು ಹಾಕಿ, ಮೂಲ ಫೋಟೊಗೂ ಬಿಡಿಸಿದ್ದಕ್ಕೂ ವ್ಯತ್ಯಾಸ ಹೆಚ್ಚಿರುವ ಕಡೆ ಮಾತ್ರ ಮುಂದಿನ ಸಣ್ಣ ಅಳತೆಯ ಕುಂಚ ಬರುತ್ತದೆ. ಇಲ್ಲಿ ಆ ತೀರ್ಮಾನವನ್ನು ಮಾಸ್ಕ್ (ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಬಿಳಿ-ಕಪ್ಪಿನಲ್ಲಿ ಗುರುತಿಸುವ ಪರದೆ) ಮೂಲಕ ಕೈಯಿಂದ ಮಾಡಲಾಗಿದೆ. ಎಲ್ಲಿ ವಿವರ ಉಳಿಯಬೇಕು, ಎಲ್ಲಿ ಕಳೆಯಬೇಕು ಎಂದು ಫಿಲ್ಟರಿಗೆ ಗೊತ್ತಾಗುವುದಿಲ್ಲ.

ಎಂಥ ಫೋಟೊ

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಬೇಡ. ಅದರಲ್ಲಿ ಅಳತೆಯೂ ಇಳಿದಿರುತ್ತದೆ, ಜೆಪೆಗ್ ಕಂಪ್ರೆಷನ್ ಕೂಡ ಜೋರಾಗಿ ಬಿದ್ದಿರುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಕಣ್ಣಿಗೆ ಕಾಣದ ಆ ಚೌಕಗಳ ಅಂಚು ಫಿಲ್ಟರಿಗೆ ಚೆನ್ನಾಗಿ ಕಾಣುತ್ತದೆ. ಸ್ಟ್ರೋಕ್‌ಗಳು ಅವುಗಳ ಅಂಚನ್ನೇ ಹಿಡಿದು ಸಾಗಿ, ಆಕಾಶದಲ್ಲಿ ಅಡ್ಡ-ಉದ್ದ ಗೆರೆಗಳ ಜಾಲ ಏಳುತ್ತದೆ. ಬೇರೆಯವರಿಂದ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. (ಫಿಲ್ಟರ್ ಹಾಕಿದ ಮಾತ್ರಕ್ಕೆ ಇನ್ನೊಬ್ಬರ ಫೋಟೊ ನಿಮ್ಮದಾಗುವುದಿಲ್ಲ, ಕೇಳಿಯೇ ಬಳಸಿ.)

ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ಇದ್ದರೆ ಒಳ್ಳೆಯದು. ಡಾರ್ಕ್‌ಟೇಬಲ್ ಅಥವಾ ರಾಥೆರಪಿ ತಂತ್ರಾಂಶದಲ್ಲಿ ತೆರೆದು ಎರಡು ಕೆಲಸ ಮಾಡಿಕೊಳ್ಳಿ. ಮೊದಲನೆಯದು, ಶಾರ್ಪನಿಂಗ್ ಪೂರ್ತಿ ಆಫ್. ಶಾರ್ಪನ್ ಮಾಡಿದಾಗ ಗಾಢ ಅಂಚಿನ ಪಕ್ಕದಲ್ಲಿ ತೆಳುವಾದ ಬಿಳಿ ಗೆರೆ ಹುಟ್ಟುತ್ತದೆ. ಫಿಲ್ಟರ್ ಅದನ್ನೂ ಒಂದು ವಸ್ತು ಎಂದುಕೊಂಡು ದಪ್ಪ ಸ್ಟ್ರೋಕ್ ಆಗಿ ಬಿಡಿಸುತ್ತದೆ. ರಥದ ಸುತ್ತ ಸುಣ್ಣ ಬಳಿದಂಥ ಬಿಳಿ ಪಟ್ಟಿ ಕಂಡರೆ ಅದರ ಮೂಲ ಇದು. ಮೊಬೈಲ್ ಫೋಟೊಗಳಲ್ಲಿ ಈ ಕಾಟ ಹೆಚ್ಚು, ಏಕೆಂದರೆ ಫೋನ್ ತಾನೇ ಶಾರ್ಪನ್ ಮಾಡಿ ಕೊಟ್ಟಿರುತ್ತದೆ. ಎರಡನೆಯದು, ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳನ್ನು ತೆಗೆಯುವುದು. ಜಿ'ಮಿಕ್‌ನಂಥ ಫಿಲ್ಟರುಗಳು ಪ್ರತಿ ಪಿಕ್ಸೆಲ್ಲಿನ ಸುತ್ತ ಬೆಳಕು ಯಾವ ಕಡೆಗೆ ಬದಲಾಗುತ್ತಿದೆ ಎಂದು ಅಳೆದು ಸ್ಟ್ರೋಕಿನ ದಿಕ್ಕು ಗೊತ್ತುಮಾಡುತ್ತವೆ. ನೆರಳಿನಲ್ಲಿ ನಾಯ್ಸ್ ತುಂಬಿದ್ದರೆ ಅಲ್ಲಿ ಅಳೆಯಲು ಸಿಗುವ ದಿಕ್ಕು ಅಡ್ಡಾದಿಡ್ಡಿ. ಫಲವಾಗಿ ರಥದ ಕೆಳಗಿನ ನೆರಳೆಲ್ಲ ಶಾವಿಗೆ ಚೆಲ್ಲಿದ ಹಾಗೆ ಕಾಣುತ್ತದೆ. ಸಾಮಾನ್ಯ ಫೋಟೊಗೆ ಮಾಡುವುದಕ್ಕಿಂತ ಜಾಸ್ತಿಯೇ ನಾಯ್ಸ್ ತೆಗೆದರೂ ಇಲ್ಲಿ ನಷ್ಟವಿಲ್ಲ. ಸಣ್ಣ ವಿವರ ಹೇಗೂ ಹೋಗುವುದೇ.

ನೆರಳನ್ನು ಒಂದು ಸ್ಟಾಪ್‌ನಷ್ಟು (ಅಂದರೆ ಎರಡು ಪಟ್ಟು ಬೆಳಕಾಗುವಷ್ಟು) ಎತ್ತಿ, 16 ಬಿಟ್ ಟಿಫ್ ಆಗಿ ಉಳಿಸಿ.

ಪಿಕ್ಸೆಲ್ ಬಿಟ್ಟು ಮಿಲಿಮೀಟರಿನಲ್ಲಿ ಯೋಚಿಸಿ

'ಫಿಲ್ಟರ್ ಹಾಕಿದೆ, ಏನೂ ಆಗಲಿಲ್ಲ' ಎಂಬ ದೂರು ಬಹಳ ಕೇಳಿಬರುತ್ತದೆ. ಗಿಂಪ್‌ನ ಆಯಿಲಿಫೈ ಫಿಲ್ಟರಿನಲ್ಲಿ ಮಾಸ್ಕ್ ರೇಡಿಯಸ್ 4 ಎಂದಿಟ್ಟು 24 ಮೆಗಾಪಿಕ್ಸೆಲ್ ಫೋಟೊ ಮೇಲೆ ಓಡಿಸಿದರೆ ನಿಜಕ್ಕೂ ಏನೂ ಕಾಣುವುದಿಲ್ಲ. 800 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದೇ 4 ಎಲ್ಲವನ್ನೂ ಕದಡಿಬಿಡುತ್ತದೆ. ಸ್ಲೈಡರಿನ ಸಂಖ್ಯೆಗಳೆಲ್ಲ ಪಿಕ್ಸೆಲ್ಲಿನವು. ಯಾರೋ ಕೊಟ್ಟ ಸೆಟ್ಟಿಂಗನ್ನು ಹಾಗೇ ಎತ್ತಿಕೊಂಡರೆ ಹೊಂದದೇ ಇರುವುದು ಇದಕ್ಕೇ.

ಆದ್ದರಿಂದ ಮೊದಲು ಕೊನೆಯ ಅಳತೆಗೆ ಬನ್ನಿ. 18×12 ಇಂಚು, ಇಂಚಿಗೆ 300 ಪಿಕ್ಸೆಲ್, ಅಂದರೆ 5400×3600. 'ಇಮೇಜ್ – ಸ್ಕೇಲ್ ಇಮೇಜ್'ನಲ್ಲಿ ಈ ಅಳತೆ ಕೊಟ್ಟು, ಇಂಟರ್‌ಪೊಲೇಷನ್ ಜಾಗದಲ್ಲಿ ಲೋಹೇಲೊ ಆರಿಸಿ. ಮೇಲೆ ಹೇಳಿದ ಬಿಳಿ ಅಂಚು ಇದರಲ್ಲಿ ಹುಟ್ಟುವುದು ಕಡಿಮೆ. ಮೂಲ ಫೋಟೊ 3:2 ಅನುಪಾತದಲ್ಲೇ ಇರುವುದರಿಂದ ಏನೂ ಕತ್ತರಿಸಬೇಕಿಲ್ಲ.

300ರ ಲೆಕ್ಕದಲ್ಲಿ 1 ಮಿಲಿಮೀಟರ್ ಸುಮಾರು 12 ಪಿಕ್ಸೆಲ್. ಈಗ ಕುಂಚದ ಅಗಲವನ್ನು ಗೋಡೆಯ ಮೇಲಿನ ಚಿತ್ರದಲ್ಲಿ ನೋಡುವ ಹಾಗೆ ನಿರ್ಧರಿಸಬಹುದು. ಆಕಾಶಕ್ಕೆ 10 ಮಿ.ಮೀ., ಅಂದರೆ 120 ಪಿಕ್ಸೆಲ್. ಬಂಡೆಗುಡ್ಡ, ನೆಲದ ಕಲ್ಲುಹಾಸಿಗೆ 4ರಿಂದ 5 ಮಿ.ಮೀ., 48ರಿಂದ 60. ರಥದ ಮೈಗೆ ಒಂದೂವರೆ ಮಿ.ಮೀ., 18 ಪಿಕ್ಸೆಲ್. ಚಕ್ರದ ಹೂವಿನ ಕೆತ್ತನೆಗೆ ಇದಕ್ಕಿಂತಲೂ ಸಣ್ಣದು ಬೇಕು. ಅಲ್ಲಿಗೆ ಸ್ಟ್ರೋಕ್ ಫಿಲ್ಟರ್ ಬಿಟ್ಟು ಬೇರೆ ದಾರಿ ಹಿಡಿಯಬೇಕು, ಮುಂದೆ ಬರುತ್ತದೆ.

ಸ್ಕೇಲ್ ಮಾಡುವುದು ಈಗ ಒಂದೇ ಸಲ. ಫಿಲ್ಟರ್ ಹಾಕಿ ಮುಗಿಸಿದ ಮೇಲೆ ಅಳತೆ ಬದಲಿಸಿದರೆ ಸ್ಟ್ರೋಕಿನ ಅಂಚು ಮೆತ್ತಗಾಗಿ, ಬಣ್ಣದ ಉಬ್ಬೆಲ್ಲ ಸತ್ತುಹೋಗುತ್ತದೆ.

ಚೌಕಟ್ಟು ಗುಡಿಸುವುದು

ರಥದ ಸುತ್ತ ಹಗ್ಗವೋ ಸರಪಳಿಯೋ ಇರುತ್ತದೆ, ಸೂಚನಾ ಫಲಕ ಇರುತ್ತದೆ, ಜನ ಇದ್ದೇ ಇರುತ್ತಾರೆ. ದೂರದ ಜನರನ್ನು ಬಿಡಬಹುದು, ದೊಡ್ಡ ಕುಂಚದಲ್ಲಿ ಅವರು ಎರಡು ಮೂರು ಬಣ್ಣದ ಚುಕ್ಕೆಗಳಾಗಿ ಚಿತ್ರಕ್ಕೆ ಜೀವ ಕೊಡುತ್ತಾರೆ. ಹಗ್ಗ, ಫಲಕ, ನೆಲದ ಮೇಲಿನ ನೀರಿನ ಬಾಟಲಿ ಹೋಗಲೇಬೇಕು. ಹೀಲ್ ಟೂಲ್, ಕ್ಲೋನ್ ಟೂಲ್ ಸಾಕು. ಇಲ್ಲಿ ನಾಜೂಕು ಬೇಡ. ಕ್ಲೋನ್ ಮಾಡಿದ ಗುರುತು ಕಾಣಿಸಿದರೂ ಮೇಲೆ 5 ಮಿಲಿಮೀಟರಿನ ಸ್ಟ್ರೋಕ್ ಬಂದು ಮುಚ್ಚುತ್ತದೆ. ಫೋಟೊ ರಿಟಚಿಂಗ್ ಮಾಡಿ ಅಭ್ಯಾಸವಿದ್ದವರು ಈ ಹಂತದಲ್ಲಿ ಸುಮ್ಮನೆ ಗಂಟೆಗಟ್ಟಲೆ ಕಳೆಯುತ್ತಾರೆ.

ಟೋನ್ ಪರೀಕ್ಷೆ

ಟೋನ್ ಎಂದರೆ ಬಣ್ಣದ ತಿಳಿ-ಗಾಢ. ಇದನ್ನು ಬಿಟ್ಟವರ ಚಿತ್ರ ಕೆಸರಾಗುತ್ತದೆ. ಲೇಯರನ್ನು (ಚಿತ್ರದ ಪದರವನ್ನು) ಡೂಪ್ಲಿಕೇಟ್ ಮಾಡಿ, 'ಕಲರ್ಸ್ – ಡಿಸ್ಯಾಚುರೇಟ್'ನಿಂದ ಕಪ್ಪು-ಬಿಳುಪು ಮಾಡಿ, 'ಕಲರ್ಸ್ – ಪೋಸ್ಟರೈಜ್'ನಲ್ಲಿ 4 ಕೊಡಿ. ಇಡೀ ಚಿತ್ರ ನಾಲ್ಕೇ ಬೂದು ಬಣ್ಣಕ್ಕೆ ಇಳಿಯುತ್ತದೆ. ಈಗ ದೂರ ನಿಂತು ನೋಡಿ: ರಥದ ಆಕಾರ ಹಿಂದಿನ ಮಂಟಪದಿಂದ ಬೇರೆಯಾಗಿ ಕಾಣುತ್ತದೆಯೇ? ಬಹಳ ಫೋಟೊಗಳಲ್ಲಿ ಕಾಣುವುದಿಲ್ಲ. ಎರಡೂ ಅದೇ ಕಣಶಿಲೆ, ಅದೇ ಬಿಸಿಲು, ಅದೇ ಬೂದು. ಫೋಟೊದಲ್ಲಿ ಕೆತ್ತನೆಯ ಸಣ್ಣ ವಿವರ ನೋಡಿ ಕಣ್ಣು ಇದು ರಥ, ಅದು ಮಂಟಪ ಎಂದು ವಿಂಗಡಿಸುತ್ತದೆ. ಆ ವಿವರವನ್ನೇ ಫಿಲ್ಟರ್ ಒರೆಸಿಹಾಕಿದ ಮೇಲೆ ಉಳಿಯುವುದು ಬೂದು ಮುದ್ದೆ.

ಪರಿಹಾರ: ಮಂಟಪದ ಭಾಗವನ್ನು ಲ್ಯಾಸೊದಲ್ಲಿ ಒರಟಾಗಿ ಸುತ್ತು ಹಾಕಿ, ಸೆಲೆಕ್ಷನ್ನಿನ ಅಂಚನ್ನು 40 ಪಿಕ್ಸೆಲ್ ಫೆದರ್ ಮಾಡಿ (ಮೆತ್ತಗಾಗಿಸಿ), ಕರ್ವ್ಸ್‌ನಲ್ಲಿ ಒಂದು ಮೆಟ್ಟಿಲು ಕತ್ತಲು ಮಾಡಿ, ಬಣ್ಣವನ್ನು ಕೊಂಚ ನೀಲಿಗೆ ತಳ್ಳಿ. ಅಥವಾ ಹಿನ್ನೆಲೆಯನ್ನು ತಿಳಿ ಮಾಡಿ ರಥವನ್ನು ಗಾಢವಾಗಿಯೇ ಬಿಡಿ. ಬೆಳಕು ಎಲ್ಲಿಂದ ಬಿದ್ದಿದೆ ನೋಡಿ ಆರಿಸಿಕೊಳ್ಳಿ. ಪೋಸ್ಟರೈಜ್ ಮಾಡಿದ ಪ್ರತಿಯಲ್ಲಿ ರಥ ಒಂಟಿಯಾಗಿ ಎದ್ದು ನಿಲ್ಲುವವರೆಗೂ ಫಿಲ್ಟರ್ ಮೆನುವಿಗೆ ಹೋಗಬೇಡಿ.

ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ನೋಡಿದವರಿಗೆ ಈ ಮಾತು ಹೊಸದಲ್ಲ. ಮಂಜಿನ ಹಿಂದಿನ ಬೆಟ್ಟಕ್ಕೂ ಮುಂದಿನ ಮರಕ್ಕೂ ನಡುವಿನ ಟೋನ್ ಅಂತರವೇ ಅಲ್ಲಿ ಅರ್ಧ ಕೆಲಸ ಮಾಡಿದೆ.

ಮೊದಲ ಸುತ್ತು: ಆಕಾಶ

ಹಂಪಿಯ ಆಕಾಶ ಬಹಳ ದಿನ ಮೋಡವಿಲ್ಲದ್ದು. ಫಿಲ್ಟರಿಗೆ ಅದಕ್ಕಿಂತ ಕಷ್ಟದ ಜಾಗವಿಲ್ಲ. ಅಳೆಯಲು ದಿಕ್ಕೇ ಇಲ್ಲ, ಬದಲಾಗುವ ಬಣ್ಣವೂ ಇಲ್ಲ. ಒಂದೇ ನೀಲಿಯ ಮೇಲೆ ಅದೇ ನೀಲಿಯ ಸ್ಟ್ರೋಕ್ ಹಾಕಿದರೆ ಏನೂ ಕಾಣದು. ಉಬ್ಬು ಮಾತ್ರ ಕಂಡು ಪ್ಲಾಸ್ಟಿಕ್ಕಿನಂತಾಗುತ್ತದೆ. ಆದ್ದರಿಂದ ಫಿಲ್ಟರಿಗೆ ಮೊದಲು ಆಕಾಶಕ್ಕೆ ಬಣ್ಣದ ಏರಿಳಿತ ತುಂಬಬೇಕು. ಹೊಸ ಲೇಯರ್ ಮಾಡಿ, 'ಫಿಲ್ಟರ್ಸ್ – ರೆಂಡರ್ – ನಾಯ್ಸ್'ನಲ್ಲಿರುವ ಪ್ಲಾಸ್ಮಾದಿಂದ ತುಂಬಿ, ಗಾಸಿಯನ್ ಬ್ಲರ್ 80 ಪಿಕ್ಸೆಲ್ ಕೊಟ್ಟು, ಲೇಯರ್ ಮೋಡನ್ನು ಸಾಫ್ಟ್ ಲೈಟ್ ಮಾಡಿ, ಒಪ್ಯಾಸಿಟಿ (ಲೇಯರ್ ಎಷ್ಟು ದಟ್ಟವಾಗಿ ಕಾಣಬೇಕು ಎಂಬ ಅಳತೆ) 12ರಿಂದ 15ಕ್ಕೆ ಇಳಿಸಿ. ನೀಲಿಯಲ್ಲಿ ಅಲ್ಲಲ್ಲಿ ನೇರಳೆ, ಅಲ್ಲಲ್ಲಿ ಹಸಿರು ಸುಳಿಯಬೇಕು. 'ಪ್ಲಾಸ್ಮಾ ಹಾಕಿದ್ದಾರೆ' ಎಂದು ಗೊತ್ತಾಗಬಾರದು. ಒಪ್ಯಾಸಿಟಿ 25 ದಾಟಿದರೆ ಕಾಮನಬಿಲ್ಲಾಗುತ್ತದೆ. ಮಾಸ್ಕ್ ಹಾಕಿ ಆಕಾಶದ ಹೊರಗೆ ಇದು ಬೀಳದಂತೆ ಮಾಡಿ, ಕೆಳಗಿನ ಲೇಯರಿಗೆ ಮರ್ಜ್ ಮಾಡಿ.

ಈಗ ಈ ಲೇಯರಿನ ನಕಲು ಮಾಡಿ 'ಫಿಲ್ಟರ್ಸ್ – ಜಿ'ಮಿಕ್' ತೆರೆಯಿರಿ. ಹುಡುಕುವ ಪೆಟ್ಟಿಗೆಯಲ್ಲಿ ಬ್ರಷಿಫೈ (Brushify) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕುಂಚದ ಸ್ಟ್ರೋಕ್ ಹಾಕುವ ಈ ಫಿಲ್ಟರ್ ಸಿಗುತ್ತದೆ, ವಿಭಾಗ ನೆನಪಿಡಬೇಕಿಲ್ಲ. ಔಟ್‌ಪುಟ್ ಜಾಗದಲ್ಲಿ ಹೊಸ ಲೇಯರ್ ಎಂದು ಇಡಿ, ಇಲ್ಲದಿದ್ದರೆ ಇರುವ ಲೇಯರಿನ ಮೇಲೇ ಬರೆದುಬಿಡುತ್ತದೆ. ಗಿಂಪ್ 3.0ರಲ್ಲಿ ಅದರ ಸ್ವಂತ ಫಿಲ್ಟರುಗಳನ್ನು ಹಾಕಿದ ಮೇಲೂ ಬದಲಿಸಬಹುದು. ಆ ಸೌಲಭ್ಯ ಜಿ'ಮಿಕ್‌ನಂಥ ಪ್ಲಗಿನ್‌ಗೆ ಇಲ್ಲ.

ಆಕಾಶಕ್ಕೆ 120 ಪಿಕ್ಸೆಲ್ ಕುಂಚವನ್ನು ಪೂರ್ಣ ಅಳತೆಯ ಮೇಲೆ ಓಡಿಸುವುದು ವ್ಯರ್ಥ. ಚಿತ್ರದ ಒಂದು ಪ್ರತಿಯನ್ನು ಬೇರೆ ಕಿಟಕಿಯಲ್ಲಿ 2700×1800ಕ್ಕೆ ಇಳಿಸಿ, ಅದರ ಮೇಲೆ 60 ಪಿಕ್ಸೆಲ್ ಕುಂಚ ಓಡಿಸಿ, ಎರಡರಷ್ಟು ದೊಡ್ಡದು ಮಾಡಿ ತಂದು ಅಂಟಿಸಿ. ಪಿಕ್ಸೆಲ್ ಸಂಖ್ಯೆ ಕಾಲು ಭಾಗವಾದ್ದರಿಂದ ಸಮಯ ಬಹಳ ಉಳಿಯುತ್ತದೆ. ಸ್ಕೇಲ್ ಒಂದೇ ಸಲ ಎಂಬ ಮಾತಿಗೆ ಇದೊಂದೇ ವಿನಾಯಿತಿ. ಆಕಾಶ ಮೆತ್ತಗಾದರೂ ತೊಂದರೆಯಿಲ್ಲ, ಮೇಲೆ ಉಬ್ಬು ಹೇಗೂ ಕೊನೆಗೆ ಬರುತ್ತದೆ.

ಬ್ರಷಿಫೈಯ ಸ್ಲೈಡರುಗಳಲ್ಲಿ ಗಮನ ಕೊಡಬೇಕಾದವು ಕೆಲವೇ. ಕುಂಚದ ಆಕಾರ ದೀರ್ಘವೃತ್ತ, ರೇಶಿಯೊ 0.25. ಅಳತೆಗಳ ಸಂಖ್ಯೆ 3. ಒಪ್ಯಾಸಿಟಿ 0.8ಕ್ಕಿಂತ ಕೆಳಗೆ ಬೇಡ; ಇಳಿದಷ್ಟೂ ಒಂದರೊಳಗೊಂದು ಕಲಸಿ ಮಬ್ಬಾಗುತ್ತದೆ. ಡೆನ್ಸಿಟಿ 20ರಿಂದ 30. ಲೈಟ್ ಸ್ಟ್ರೆಂತ್ 0.1 ಸಾಕು. ಉಬ್ಬನ್ನು ಕೊನೆಯಲ್ಲಿ ಒಟ್ಟಿಗೆ ಕೊಡುವುದರಿಂದ ಇಲ್ಲೂ ಕೊಟ್ಟರೆ ಎರಡು ಸಲ ನೆರಳು ಬೀಳುತ್ತದೆ. ಆಕಾಶಕ್ಕೆ ಮಾತ್ರ ಓರಿಯಂಟೇಷನ್ ಕೊಹಿರೆನ್ಸನ್ನು (ಸ್ಟ್ರೋಕ್ ಚಿತ್ರದ ದಿಕ್ಕನ್ನು ಎಷ್ಟು ಹಿಡಿಯಬೇಕು ಎಂಬುದನ್ನು) 0.3ಕ್ಕೆ ಇಳಿಸಿ, ಪ್ರೈಮರಿ ಆ್ಯಂಗಲ್‌ನಲ್ಲಿ 20 ಡಿಗ್ರಿ, ಆ್ಯಂಗಲ್ ಡಿಸ್ಪರ್ಷನ್ 0.4 ಕೊಡಿ. ಹೀಗೆ ಮಾಡದಿದ್ದರೆ ಸ್ಟ್ರೋಕ್‌ಗಳೆಲ್ಲ ಒಂದೇ ಕಡೆ ಮಲಗಿ ಮಳೆ ಬಂದಂತೆ ಕಾಣುತ್ತವೆ.

ಪ್ರಿವ್ಯೂವನ್ನು ನಂಬುವಾಗ ಎಚ್ಚರ. ಇಡೀ ಚಿತ್ರ ಕಾಣುವ ಹಾಗೆ ಜೂಮ್ ಇಳಿಸಿ ನೋಡಿದರೆ ಸ್ಟ್ರೋಕಿನ ಅಳತೆ ನಿಜಕ್ಕಿಂತ ಬೇರೆ ಕಾಣಬಹುದು. 100% ಜೂಮಿನಲ್ಲಿ ರಥದ ಅಂಚೂ ಆಕಾಶವೂ ಸೇರುವ ಜಾಗ ಇಟ್ಟುಕೊಂಡು ನೋಡಿ.

ಎರಡನೆಯ ಸುತ್ತು: ಬಂಡೆ, ನೆಲ, ಮಂಟಪ

ಮೂಲದ ಇನ್ನೊಂದು ನಕಲಿನ ಮೇಲೆ, ಪೂರ್ಣ ಅಳತೆಯಲ್ಲಿ, ಗರಿಷ್ಠ ಅಳತೆ 56 ಪಿಕ್ಸೆಲ್. ಈ ಸಲ ಓರಿಯಂಟೇಷನ್ ಕೊಹಿರೆನ್ಸ್ 0.9, ಕಾಂಟೂರ್ ಕೊಹಿರೆನ್ಸ್ 0.9. ಬಂಡೆಯ ಬಿರುಕು, ನೆರಳಿನ ಅಂಚು ಹಿಡಿದು ಸ್ಟ್ರೋಕ್ ಹರಿಯುತ್ತದೆ. ಸ್ಟ್ರಕ್ಚರ್ ಸ್ಮೂತ್‌ನೆಸ್ ಏರಿಸಿದರೆ ಸಣ್ಣಪುಟ್ಟ ಒರಟನ್ನು ಲೆಕ್ಕಿಸದೆ ದೊಡ್ಡ ಆಕಾರದ ಜಾಡು ಹಿಡಿಯುತ್ತದೆ. ಹಂಪಿಯ ಗುಂಡುಬಂಡೆಗಳಿಗೆ ಇದು ಹೇಳಿಮಾಡಿಸಿದ್ದು: ಸ್ಟ್ರೋಕ್‌ಗಳು ಬಂಡೆಯ ದುಂಡನ್ನು ಸುತ್ತುವರಿಯುತ್ತವೆ. ಬಹಳ ಏರಿಸಿದರೆ ಪಕ್ಕದ ಎರಡು ಬಂಡೆ ಒಂದಾಗುತ್ತವೆ.

ಗಿಡ ಮರ ಇದ್ದರೆ ಅಷ್ಟಕ್ಕೆ ಮಾತ್ರ ಗಿಂಪ್‌ನ ಹಳೆಯ ಆಯಿಲಿಫೈ ಒಳ್ಳೆಯದು. ಅದು ಸುತ್ತಲಿನ ಪಿಕ್ಸೆಲ್‌ಗಳಲ್ಲಿ ಹೆಚ್ಚು ಸಲ ಬರುವ ಬಣ್ಣವನ್ನು ಎತ್ತಿ ಹಚ್ಚುತ್ತದೆ. ದಿಕ್ಕಿಲ್ಲದ ದುಂಡು ಚುಕ್ಕೆಗಳಾಗುವುದರಿಂದ ಎಲೆಗೊಂಚಲಿಗೆ ಹೊಂದುತ್ತದೆ, ಕಲ್ಲಿಗೆ ಹೊಂದುವುದಿಲ್ಲ. ಮಾಸ್ಕ್ ರೇಡಿಯಸ್ 18, ಎಕ್ಸ್‌ಪೋನೆಂಟ್ 8. ರೇಡಿಯಸ್ ಏರಿಸಿದಷ್ಟೂ ತಡವಾಗುತ್ತದೆ, ಆದ್ದರಿಂದ ಮರವನ್ನಷ್ಟೇ ಸೆಲೆಕ್ಟ್ ಮಾಡಿ ಹಾಕಿ. ಹೂವಿನ ಮರಗಳು ಹೇಗಿರಬೇಕು ಎಂದು ನೋಡಬೇಕಿದ್ದರೆ ರುಮಾಲೆ ಚನ್ನಬಸವಯ್ಯನವರ ಬೆಂಗಳೂರಿನ ಚಿತ್ರಗಳಿವೆ. ಅಷ್ಟು ದಪ್ಪ, ಅಷ್ಟು ಧೈರ್ಯದ ಬಣ್ಣ ಯಾವ ಫಿಲ್ಟರಿನಿಂದಲೂ ಬರುವುದಿಲ್ಲ, ಆದರೆ ಎಲೆಯನ್ನು ಎಣಿಸದೆ ಗೊಂಚಲನ್ನು ಬಿಡಿಸುವುದು ಎಂದರೇನು ಎಂದು ಅಲ್ಲಿ ತಿಳಿಯುತ್ತದೆ.

ಮೂರನೆಯ ಸುತ್ತು: ರಥ

ರಥದ ಮೈಗೆ ಬ್ರಷಿಫೈಯನ್ನೇ 18 ಪಿಕ್ಸೆಲ್‌ಗೆ ಇಳಿಸಿ ಇನ್ನೊಂದು ಲೇಯರ್ ಮಾಡಿ. ಕುಂಚ ಸಣ್ಣದಾದಷ್ಟೂ ಸ್ಟ್ರೋಕ್‌ಗಳ ಸಂಖ್ಯೆ ಏರಿ ಬಹಳ ಹೊತ್ತು ಹಿಡಿಯುತ್ತದೆ. ರಥದ ಸುತ್ತ ಆಯತ ಸೆಲೆಕ್ಟ್ ಮಾಡಿ ಆ ತುಂಡನ್ನು ಹೊಸ ಲೇಯರಿಗೆ ತೆಗೆದುಕೊಂಡರೆ ಕೆಲಸ ಬೇಗ.

ಚಕ್ರ, ಮುಂದಿನ ಆನೆಗಳು, ಕಂಬದ ಸಣ್ಣ ಶಿಲ್ಪ – ಇವುಗಳಿಗೆ ಕುವಾಹಾರ ಫಿಲ್ಟರ್. ಇದರ ಹುಟ್ಟು ಕಲೆಯಲ್ಲಲ್ಲ. 1976ರಲ್ಲಿ ಜಪಾನಿನ ಮಿಚಿಯೊಶಿ ಕುವಾಹಾರ ಮತ್ತು ಜೊತೆಗಾರರು ಹೃದಯದ ವೈದ್ಯಕೀಯ ಚಿತ್ರಗಳ ನಾಯ್ಸನ್ನು ಅಂಚು ಕೆಡದಂತೆ ತೆಗೆಯಲು ಇದನ್ನು ರೂಪಿಸಿದರು. ಕೆಲಸ ಮಾಡುವ ಬಗೆ ಸರಳ. ರೇಡಿಯಸ್ 5 ಎಂದರೆ ಒಂದು ಪಿಕ್ಸೆಲ್ಲಿನ ಸುತ್ತ 11×11ರ ಚೌಕ. ಅದನ್ನು 6×6ರ ನಾಲ್ಕು ಮೂಲೆಗಳಾಗಿ ಮಾಡಿ (ನಡುವಿನ ಸಾಲು ಎರಡಕ್ಕೂ ಸೇರುತ್ತದೆ), ಯಾವ ಮೂಲೆಯಲ್ಲಿ ಬಣ್ಣದ ಏರುಪೇರು ಅತಿ ಕಡಿಮೆಯೋ ಅದರ ಸರಾಸರಿ ಬಣ್ಣವನ್ನು ನಡುವಿನ ಪಿಕ್ಸೆಲ್ಲಿಗೆ ಕೊಡುತ್ತದೆ. ಅಂಚಿನ ಮೇಲಿರುವ ಪಿಕ್ಸೆಲ್ ಹೀಗೆ ಯಾವುದಾದರೂ ಒಂದು ಕಡೆಗೆ ಸೇರಲೇಬೇಕಾಗುತ್ತದೆ. ಅದರಿಂದ ಒಳಗೆ ಸಪಾಟು, ಅಂಚು ಚೂಪು. ಗೌಷ್ (ದಟ್ಟ ನೀರುಬಣ್ಣ) ಹಚ್ಚಿದಂಥ ನೋಟ. ಚಕ್ರದ ಎಸಳುಗಳ ನಡುವಿನ ಗಾಢ ಗೆರೆ ಉಳಿದುಕೊಂಡು, ಕಲ್ಲಿನ ಚುಕ್ಕೆ ಮಾತ್ರ ಮಾಯವಾಗುತ್ತದೆ. ಪ್ರಿಂಟಿನಲ್ಲಿ ಅರ್ಧ ಮಿಲಿಮೀಟರಿನ ತುಣುಕುಗಳು.

ಕುವಾಹಾರದ ಕೊರತೆ ಚೌಕದಿಂದಲೇ ಬರುತ್ತದೆ. ರೇಡಿಯಸ್ 8 ದಾಟಿದರೆ ದುಂಡಗಿನ ಚಕ್ರದ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಚೌಕ ತುಣುಕು ಕಾಣುತ್ತವೆ. ದೊಡ್ಡ ರೇಡಿಯಸ್ ಬೇಕೇ ಬೇಕೆಂದರೆ 2009ರಲ್ಲಿ ಬಂದ ಅನೈಸೊಟ್ರಾಪಿಕ್ ಕುವಾಹಾರ ಬಳಸಿ. ಅದು ಚೌಕದ ಬದಲು ಅಂಚಿನ ದಿಕ್ಕಿಗೆ ಉದ್ದವಾಗುವ ದೀರ್ಘವೃತ್ತ ಹಿಡಿಯುತ್ತದೆ. 3ಡಿ ತಂತ್ರಾಂಶ ಬ್ಲೆಂಡರ್ 4.0ರಿಂದ ಅದರ ಕಂಪೋಸಿಟರಿನಲ್ಲಿ (ಚಿತ್ರಗಳನ್ನು ಜೋಡಿಸಿ ತಿದ್ದುವ ಭಾಗದಲ್ಲಿ) ಕುವಾಹಾರ ನೋಡ್ ಇದೆ. ಅನೈಸೊಟ್ರಾಪಿಕ್ ಆರಿಸಿ ಎಕ್ಸೆಂಟ್ರಿಸಿಟಿ ಏರಿಸಿದರೆ ಸ್ಟ್ರೋಕ್ ಉದ್ದವಾಗುತ್ತದೆ. ಒಂದು ಫೋಟೊಗಾಗಿ ಬ್ಲೆಂಡರ್ ತೆರೆಯುವುದು ಅತಿಯೆನಿಸಬಹುದು, ಆದರೆ ಸದ್ಯ ಸಿಗುವ ಫಿಲ್ಟರುಗಳಲ್ಲಿ ಕಣ್ಣಿಗೆ ಹಿತವಾದದ್ದು ಅದೇ.

ಮಾಸ್ಕ್

ಈಗ ಕೆಳಗಿನಿಂದ ಮೇಲಕ್ಕೆ ಆಕಾಶದ ಲೇಯರ್, ಬಂಡೆಯದು, ರಥದ ಮೈಯದು, ಕುವಾಹಾರದ್ದು. ಮೇಲಿನ ಮೂರಕ್ಕೂ ಕಪ್ಪು ಮಾಸ್ಕ್ ಹಾಕಿ, ಬೇಕಾದಲ್ಲಿ ಬಿಳಿ ಹಚ್ಚಿ ತೆರೆಯುತ್ತ ಹೋಗಿ.

ಫೋಟೊ ಕೆಲಸದ ಅಭ್ಯಾಸದಿಂದ ಎಲ್ಲರೂ ಇಲ್ಲಿ ಮೆತ್ತನೆಯ ಬ್ರಷ್ ಹಿಡಿಯುತ್ತಾರೆ. ಅದರಿಂದ ದೊಡ್ಡ ಸ್ಟ್ರೋಕೂ ಸಣ್ಣ ಸ್ಟ್ರೋಕೂ ಅರ್ಧರ್ಧ ಪಾರದರ್ಶಕವಾಗಿ ಒಂದರ ಮೇಲೊಂದು ಕಾಣುತ್ತವೆ, ಎರಡು ಚಿತ್ರ ಒಂದೇ ಫಿಲ್ಮಿನ ಮೇಲೆ ಬಿದ್ದಂತೆ. ಬಣ್ಣದಲ್ಲಿ ಹಾಗಾಗುವುದಿಲ್ಲ; ಸಣ್ಣ ಕುಂಚದ ಬಣ್ಣ ದೊಡ್ಡದನ್ನು ಮುಚ್ಚಿ ಕೂರುತ್ತದೆ. ಗಿಂಪ್‌ನಲ್ಲಿ ಬರುವ ಚಾಕ್, ಅಕ್ರಿಲಿಕ್ ಅಥವಾ ಬ್ರಿಸಲ್ಸ್ ಬ್ರಷ್ ತೆಗೆದುಕೊಂಡು, ಒಪ್ಯಾಸಿಟಿ 100 ಇಟ್ಟು ಮಾಸ್ಕ್ ಮೇಲೆ ಎಳೆಯಿರಿ. ಅಂಚು ಒರಟಾಗಿ ಹರಿದಂತಿದ್ದರೆ ಸರಿ. ರಥದ ಗಡಿ ದಾಟಿ ಕೊಂಚ ಹಿನ್ನೆಲೆಗೆ ಹೋದರೂ ಬಿಡಿ, ಆದರೆ ಒಳಗೆ ತೂತು ಉಳಿಯದಿರಲಿ.

ಎಷ್ಟು ತೆರೆಯಬೇಕು ಎಂಬುದೇ ಕೈಚಳಕ. ಕುವಾಹಾರ ಲೇಯರನ್ನು ಇಡೀ ರಥಕ್ಕೆ ತೆರೆದರೆ ರಥವೊಂದು ಫೋಟೊ, ಸುತ್ತಲೂ ಪೇಂಟಿಂಗ್ ಎಂಬಂತಾಗುತ್ತದೆ. ಬೆಳಕು ಬಿದ್ದ ಒಂದು ಚಕ್ರ, ಒಂದು ಆನೆಯ ಮುಖ, ಮೇಲಿನ ಮಾಡಿನ ಒಂದು ಮೂಲೆ – ಇಷ್ಟೇ ತೆರೆದು, ನೆರಳಿನ ಕಡೆಯ ಚಕ್ರವನ್ನು 18 ಪಿಕ್ಸೆಲ್ಲಿನ ಸ್ಟ್ರೋಕಿನಲ್ಲೇ ಬಿಡಿ. ಕೆಳಗೆ ನೆಲ ಮುಟ್ಟುವಲ್ಲಿ ರಥವೂ ಬಂಡೆಯ ಲೇಯರಿಗೆ ಕರಗಿಹೋಗಲಿ. ಮುಖಚಿತ್ರವಾದರೆ ಇದೇ ಲೆಕ್ಕ: ಎರಡು ಕಣ್ಣು, ಮೂಗಿನ ನೆರಳು, ತುಟಿಯ ಮಧ್ಯದ ಗೆರೆ – ಇಷ್ಟನ್ನೇ ತೆರೆಯಿರಿ; ಕೂದಲು, ಸೀರೆಗೆ ದೊಡ್ಡ ಕುಂಚ.

ಬಣ್ಣ, ಆಮೇಲೆ ಉಬ್ಬು

ಸರಾಸರಿ ಮಾಡುವ ಯಾವ ಫಿಲ್ಟರೂ ಬಣ್ಣವನ್ನು ಬೂದಿನ ಕಡೆಗೆ ಎಳೆಯುತ್ತದೆ, ಪಕ್ಕಪಕ್ಕದ ಕೆಂಪು ಹಸಿರು ಸೇರಿ ಕಂದಾಗುವುದರಿಂದ. 'ಹ್ಯೂ-ಸ್ಯಾಚುರೇಷನ್'ನಲ್ಲಿ ಸ್ಯಾಚುರೇಷನ್ 12ರಿಂದ 15 ಏರಿಸಿ. 'ಕಲರ್ ಬ್ಯಾಲೆನ್ಸ್'ನಲ್ಲಿ ನೆರಳಿಗೆ ನೀಲಿ 8, ಬೆಳಕಿಗೆ ಕೆಂಪು 6, ಹಳದಿ 8. ಹಂಪಿಯ ಕಲ್ಲು ಸಂಜೆ ಬಿಸಿಲಿಗೆ ತಾನಾಗಿಯೇ ಕೇಸರಿ ತಿರುಗುತ್ತದೆ. ಸಂಜೆಯ ಫೋಟೊ ಆದರೆ ಬೆಳಕಿನ ಕಡೆ ಏನೂ ಮುಟ್ಟಬೇಡಿ.

ಉಬ್ಬಿಗೆ: 'ಲೇಯರ್ – ನ್ಯೂ ಫ್ರಮ್ ವಿಸಿಬಲ್' ಮಾಡಿ, ಆ ಹೊಸ ಲೇಯರಿನ ಒಂದು ನಕಲನ್ನು ಕಪ್ಪು-ಬಿಳುಪು ಮಾಡಿ. ಇದನ್ನು ಹಾಗೇ ಬಂಪ್ ಮ್ಯಾಪಿಗೆ ಕೊಟ್ಟರೆ ಬೆಳ್ಳಗಿನ ಆಕಾಶವೆಲ್ಲ ಎತ್ತರ, ಕತ್ತಲೆಯ ರಥವೆಲ್ಲ ತಗ್ಗು ಎಂದಾಗಿ, ಗಡಿಯಲ್ಲಿ ಅಚ್ಚೊತ್ತಿದ ಉಬ್ಬುಚಿತ್ರ ಕಾಣುತ್ತದೆ. ಮೊದಲು ಆ ನಕಲಿಗೆ 'ಫಿಲ್ಟರ್ಸ್ – ಎನ್‌ಹ್ಯಾನ್ಸ್ – ಹೈ ಪಾಸ್' 4 ಕೊಡಿ. ದೊಡ್ಡ ಬೆಳಕು-ಕತ್ತಲೆ ಹೋಗಿ ಸ್ಟ್ರೋಕಿನ ಅಂಚುಗಳಷ್ಟೇ ಉಳಿಯುತ್ತವೆ. ಈಗ ಬಣ್ಣದ ಲೇಯರಿನ ಮೇಲೆ 'ಫಿಲ್ಟರ್ಸ್ – ಮ್ಯಾಪ್ – ಬಂಪ್ ಮ್ಯಾಪ್', ಮ್ಯಾಪ್ ಆಗಿ ಈ ನಕಲು, ಅಜಿಮತ್ 135, ಎಲಿವೇಷನ್ 45, ಡೆಪ್ತ್ 2. ಡೆಪ್ತ್ 5 ದಾಟಿದರೆ ಬಣ್ಣ ಬಿರುಕು ಬಿಟ್ಟ ಗೋಡೆಯಾಗುತ್ತದೆ. ಮೂಲ ಫೋಟೊವನ್ನು ಮ್ಯಾಪ್ ಮಾಡಬೇಡಿ. ಆಗ ಉಬ್ಬುವುದು ಕಲ್ಲಿನ ಒರಟು, ಬಣ್ಣದ್ದಲ್ಲ.

'ಅಪ್ಲೈ ಕ್ಯಾನ್‌ವಾಸ್' ಫಿಲ್ಟರ್ ಬೇಡವೇ ಬೇಡ. ಕ್ಯಾನ್‌ವಾಸ್ ಮೇಲೆ ಪ್ರಿಂಟ್ ಹಾಕಿಸಿದರೆ ನಿಜವಾದ ನೇಯ್ಗೆಯೂ ಸುಳ್ಳು ನೇಯ್ಗೆಯೂ ಜಗಳಕ್ಕೆ ಬೀಳುತ್ತವೆ. ಕಾಗದದ ಮೇಲಾದರೆ ಕ್ಯಾಲೆಂಡರಿನ ಕಳೆ ಬರುತ್ತದೆ.

ಫೋಟೊಶಾಪ್ ಇರುವವರಿಗೆ

'ಫಿಲ್ಟರ್ – ಸ್ಟೈಲೈಜ್ – ಆಯಿಲ್ ಪೇಂಟ್'. ಲೇಯರನ್ನು ಮೊದಲು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಆಗ ಫಿಲ್ಟರಿಗೇ ಮಾಸ್ಕ್ ಸಿಗುತ್ತದೆ, ಸಂಖ್ಯೆಗಳನ್ನೂ ಮತ್ತೆ ಬದಲಿಸಬಹುದು. ಮೆನು ಮಸುಕಾಗಿದ್ದರೆ ಚಿತ್ರ ಸಿಎಂವೈಕೆಯಲ್ಲಿ (ಮುದ್ರಣದ ಬಣ್ಣವಿಧಾನದಲ್ಲಿ) ಇದೆಯೇ, ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಆಫ್ ಆಗಿದೆಯೇ ನೋಡಿ. ಬಂಡೆಗೆ ಸ್ಟೈಲೈಜೇಷನ್ 4, ಕ್ಲೀನ್ಲಿನೆಸ್ 6, ಸ್ಕೇಲ್ 3. ರಥಕ್ಕೆ ಸ್ಟೈಲೈಜೇಷನ್ 2, ಸ್ಕೇಲ್ 0.5. ಶೈನ್ ಅನ್ನು ಸೊನ್ನೆಯ ಹತ್ತಿರ ಇಡಿ. ಎಲ್ಲರ ಚಿತ್ರದಲ್ಲೂ ಕಾಣುವ ಆ ಮಿರುಗುವ ಸುರುಳಿ ಕೂದಲು ಬರುವುದು ಶೈನ್ ಮತ್ತು ಸ್ಟೈಲೈಜೇಷನ್ ಎರಡನ್ನೂ ಏರಿಸಿದಾಗ. ಫಿಲ್ಟರ್ ಗ್ಯಾಲರಿಯ ಡ್ರೈ ಬ್ರಷ್, ಪೇಂಟ್ ಡಾಬ್ಸ್ ಮುಂತಾದವು 1990ರ ದಶಕದ ಆರಂಭದವು, ಆಲ್ಡಸ್ ಕಂಪನಿಯಿಂದ ಅಡೋಬಿಗೆ ಬಂದವು. 8 ಬಿಟ್‌ನಲ್ಲಿ ಮಾತ್ರ ಓಡುತ್ತವೆ. 24 ಮೆಗಾಪಿಕ್ಸೆಲ್ಲಿಗೆ ಅವುಗಳ ಕುಂಚ ಸಾಲುವುದಿಲ್ಲ.

ಪ್ರಿಂಟ್

18×12 ದೊಡ್ಡ ಪ್ರಿಂಟಿಗೆ ಮೊದಲು ಮೂರು ತುಂಡು ಹಾಕಿಸಿ. ಮುಗಿದ ಚಿತ್ರದಿಂದ, ಸ್ಕೇಲ್ ಮಾಡದೆ, 1800×1200 ಪಿಕ್ಸೆಲ್ಲಿನ ಮೂರು ಭಾಗ ಕತ್ತರಿಸಿ: ಆಕಾಶ ಮತ್ತು ಮಾಡು ಸೇರುವಲ್ಲಿ, ಚಕ್ರ, ನೆಲದ ನೆರಳು. ಅವು 6×4 ಇಂಚಿನ ಮಾಮೂಲಿ ಪ್ರಿಂಟಿಗೆ ಸರಿಯಾಗಿ ಕೂರುತ್ತವೆ, ಸ್ಟುಡಿಯೊದಲ್ಲಿ ಅಗ್ಗವಾಗಿ ಆಗುತ್ತದೆ. ಮಾನಿಟರಿನಲ್ಲಿ ಒರಟೆನಿಸಿದ ಸ್ಟ್ರೋಕ್ ಎರಡು ಮೂರು ಅಡಿ ದೂರದಿಂದ ಬಹುತೇಕ ಸಾಲದೇ ಹೋಗುತ್ತದೆ. ನೆರಳು ಪರದೆಗಿಂತ ಕತ್ತಲಾಗಿ ಬರುತ್ತದೆ. ಎಸ್‌ಆರ್‌ಜಿಬಿ ಪ್ರೊಫೈಲ್, ಜೆಪೆಗ್ ಗುಣಮಟ್ಟ 95, ಮ್ಯಾಟ್ ಕಾಗದ. ಲ್ಯಾಬಿಗೆ ಕೊಡುವಾಗ 'ಆಟೊ ಕರೆಕ್ಷನ್ ಬೇಡ' ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅಲ್ಲಿನ ಯಂತ್ರ ಶಾರ್ಪನ್ ಮಾಡಿ, ನೀಲಿ ನೆರಳನ್ನು ಸರಿಪಡಿಸಿಯೇ ಕೊಡುತ್ತದೆ.

ಚೌಕಟ್ಟಿಗೆ ಸುತ್ತುವ ಕ್ಯಾನ್‌ವಾಸ್ ಆದರೆ ಒಂದೂವರೆ ಇಂಚಿನ ಪಟ್ಟಿಗೆ ನಾಲ್ಕೂ ಕಡೆ 2 ಇಂಚು ಹೆಚ್ಚು ಬೇಕು: 22×16 ಇಂಚು, 6600×4800 ಪಿಕ್ಸೆಲ್. ಮೂಲವನ್ನು ಹಿಗ್ಗಿಸದೆ, ಮುಗಿದ ಚಿತ್ರದ ಅಂಚಿನ 600 ಪಿಕ್ಸೆಲ್ ಪಟ್ಟಿಯನ್ನು ಕನ್ನಡಿಯಂತೆ ತಿರುಗಿಸಿ ಹೊರಗೆ ಜೋಡಿಸಿ. ಬಿಂಬದ ಪಟ್ಟಿ ಪಕ್ಕಕ್ಕೆ ಮಡಚಿ ಹೋಗುವುದರಿಂದ ಗೊತ್ತಾಗುವುದಿಲ್ಲ.

ಇನ್‌ಸ್ಟಾಗ್ರಾಮಿಗೆ ಹಾಕಲು ಇದೇ ಫೈಲನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಐದರಲ್ಲೊಂದು ಪಾಲಾಗಿ, 18 ಪಿಕ್ಸೆಲ್ಲಿನ ಸ್ಟ್ರೋಕ್ ನಾಲ್ಕು ಪಿಕ್ಸೆಲ್ಲಿಗೂ ಕಡಿಮೆಯಾಗುತ್ತದೆ; ಫೋನಿನಲ್ಲಿ ನೋಡಿದವರಿಗೆ ಅದು ಸುಮ್ಮನೆ ಕೊಂಚ ಮಬ್ಬಾದ ಫೋಟೊ. ಅದಕ್ಕೆ ಟೋನ್ ಸರಿಪಡಿಸಿದ ಹಂತದ ಪ್ರತಿಯನ್ನು 2160ಕ್ಕೆ ಇಳಿಸಿ, ಪರದೆಯ ಮೇಲೆ ಎಷ್ಟು ದಪ್ಪ ಕಾಣಬೇಕೋ ಅಷ್ಟು ಇಟ್ಟು ಮೂರೂ ಸುತ್ತು ಹೊಸದಾಗಿ ಓಡಿಸಿ. ಆ ಹಂತದ ಎಕ್ಸ್‌ಸಿಎಫ್ (ಗಿಂಪ್‌ನ ಸ್ವಂತ) ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡಿರಿ, ಬ್ರಷಿಫೈಯ ಮೂರೂ ಸೆಟ್ಟಿಂಗುಗಳನ್ನು ಜಿ'ಮಿಕ್‌ನ ಫೇವ್ (ಮೆಚ್ಚಿನವುಗಳ) ಪಟ್ಟಿಗೆ ಸೇರಿಸಿಕೊಳ್ಳಿ. ಪಿಕ್ಸೆಲ್ ಅಳತೆಗಳನ್ನಷ್ಟೇ ಬದಲಿಸಿದರಾಯಿತು.